ಅಯ್ಯೋ ಎಂಬುದಕ್ಕೂ ಒಂದು ವ್ಯಾಕರಣ

ತಂತಿಯಂಚೆ ಬಳಕೆಯಲ್ಲಿದ್ದ ಕಾಲದಲ್ಲಿ "ಕೂಡಲೇ ಹೊರಟು ಬಾ" ಎಂಬ ಮೂರು ಪದಗಳು ಎಷ್ಟು ಮನೆಗಳ ಒಲೆಯನ್ನು ಆರಿಸಿದ್ದುವೋ ಲೆಕ್ಕವಿಲ್ಲ. ಮಗಳಿಗೆ ವರ ಗೊತ್ತಾದನೆಂಬ ಸಂತೋಷಕ್ಕೂ ಅವೇ ಮೂರು ಪದ. ತಂದೆಯ ಕೊನೆಗಾಲ ಸಮೀಪಿಸಿತೆಂಬ ದುಃಖಕ್ಕೂ ಅವೇ. ಪದವೊಂದಕ್ಕೆ ಇಷ್ಟೆಂದು ಹಣ ತೆರಬೇಕಾಗಿದ್ದ ಆ ಕಾಗದದಲ್ಲಿ ಸಂಗತಿಗೆ ಸ್ಥಳವಿತ್ತು, ದನಿಗೆ ಇರಲಿಲ್ಲ. 2013ರ ಜುಲೈ ತಿಂಗಳಲ್ಲಿ ಭಾರತದ ತಂತಿ ಸೇವೆಯೇ ನಿಂತುಹೋಯಿತು. ಅದರ ತೊಡಕು ಮಾತ್ರ ನಿಲ್ಲಲಿಲ್ಲ. ಇಂದು ಮೊಬೈಲಿನ ಗಾಜಿನ ಮೇಲೆ "ಆಯಿತು" ಎಂಬ ಒಂದೇ ಮಾತು ಮೂಡಿದರೆ, ಬರೆದವರು ಒಪ್ಪಿದರೋ, ಮುನಿದರೋ, ಬೇಸತ್ತು ಕೈಬಿಟ್ಟರೋ ಎಂದು ಓದಿದವರು ಅರ್ಧ ದಿನ ಚಿಂತಿಸುವುದುಂಟು.

ಬಾಯಿಮಾತಿಗೆ ಈ ಕಷ್ಟವಿಲ್ಲ. ಅಲ್ಲಿ ಗಂಟಲು ಗದ್ಗದಿಸುತ್ತದೆ, ಹುಬ್ಬು ಏರುತ್ತದೆ, ಕಣ್ಣು ನಗುತ್ತದೆ. ಮಾತು ಬರಹಕ್ಕಿಳಿದೊಡನೆ ಇವೆಲ್ಲವೂ ಉದುರಿಹೋಗುತ್ತವೆ. ಆ ನಷ್ಟವನ್ನು ತುಂಬಲು ಅಚ್ಚಿನವರು ಕೊಟ್ಟದ್ದು ಒಂದು ನಿಂತ ಕಡ್ಡಿ, ಅದರ ಕೆಳಗೊಂದು ಚುಕ್ಕೆ. ಹರ್ಷ, ಶೋಕ, ಕೋಪ, ಭಯ ಎಲ್ಲಕ್ಕೂ ಅದೊಂದೇ ಚಿಹ್ನೆ. ನಾಟಕ ಬರೆಯುವವರು ಮಾತ್ರ ಜಾಣರು. ಅವರು ಪಾತ್ರದ ಹೆಸರಿನ ಪಕ್ಕದಲ್ಲಿ ಕಂಸದೊಳಗೆ "ಸಿಟ್ಟಿನಿಂದ", "ನಗುತ್ತ" ಎಂದು ಬರೆದುಬಿಡುತ್ತಾರೆ. ಪತ್ರ ಬರೆಯುವ ಗೃಹಸ್ಥನಿಗೆ ಆ ಸೌಕರ್ಯವಿಲ್ಲ.

1982ರ ಸೆಪ್ಟೆಂಬರ್ 19ರಂದು ಅಮೆರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ಎಂಬ ವಿದ್ವಾಂಸರು ವಿರಾಮಚಿಹ್ನೆಗಳನ್ನೇ ಅಡ್ಡಲಾಗಿ ಜೋಡಿಸಿ ಒಂದು ನಗುಮುಖವನ್ನು ಸೂಚಿಸಿದರು. ಗಣಕಯಂತ್ರದ ಮೂಲಕ ಕಳುಹಿಸುವ ಬರಹದಲ್ಲಿ ಹಾಸ್ಯವನ್ನು ಹಾಸ್ಯವೆಂದು ತಿಳಿಸುವುದು ಅದರ ಉದ್ದೇಶ. ಇಂದಿನ ಹಳದಿ ಮುಖಗಳ ದಂಡು ಅದೇ ದಾರಿಯಲ್ಲಿ ಬಂದುದು. ಆದರೆ ಅವು ಚಿತ್ರಗಳು. ಕಣ್ಣಿಗೆ ಕಾಣುತ್ತವೆಯೇ ಹೊರತು ಬಾಯಿಗೆ ಬರುವುದಿಲ್ಲ. ವಾಕ್ಯದ ಯಾವ ಪದಕ್ಕೆ ಆ ನಗು ಸಲ್ಲಬೇಕೆಂಬುದನ್ನು ಹೇಳುವುದೂ ಇಲ್ಲ. ಅದೇ ದಶಕದಲ್ಲಿ, ಅದೇ ದೇಶದಲ್ಲಿ, ಮತ್ತೊಂದು ಗುಂಪಿನವರು ಈ ತೊಡಕನ್ನು ಬೇರೊಂದು ಬಗೆಯಿಂದ ಬಿಡಿಸಹೊರಟರು. ಅವರು ಭಾವಗಳನ್ನೇ ಪದಗಳನ್ನಾಗಿ ಮಾಡಿ, ಅವುಗಳಿಗೆ ಕಟ್ಟುನಿಟ್ಟಾದ ವ್ಯಾಕರಣವನ್ನು ವಿಧಿಸಿದರು. ಅವರ ಭಾಷೆಯ ಹೆಸರು ಲೋಜ್ಬನ್. ಸೋಜಿಗವೆಂದರೆ, ಅದು ಹುಟ್ಟಿದ್ದು ಭಾವಕ್ಕಾಗಿ ಅಲ್ಲ, ತರ್ಕಕ್ಕಾಗಿ.

ಖಾಲಿ ಪೀಪಾಯಿಯಿಂದ ಹುಟ್ಟಿದ ಪ್ರಶ್ನೆ

ಬೆಂಜಮಿನ್ ಲೀ ವರ್ಫ್ (1897-1941) ಎಂಬಾತ ಅಮೆರಿಕೆಯ ಹಾರ್ಟ್‌ಫರ್ಡ್ ನಗರದ ಅಗ್ನಿವಿಮಾ ಕಂಪನಿಯೊಂದರಲ್ಲಿ ಪರೀಕ್ಷಕನಾಗಿದ್ದ. ಬಿಡುವಿನ ವೇಳೆಯಲ್ಲಿ ಭಾಷಾಶಾಸ್ತ್ರವನ್ನು ಅಭ್ಯಸಿಸುತ್ತಿದ್ದ. ಬೆಂಕಿ ಬಿದ್ದ ಸ್ಥಳಗಳನ್ನು ನೋಡಿ ನೋಡಿ ಅವನಿಗೆ ಒಂದು ಸಂಗತಿ ಹೊಳೆಯಿತು. ಪೆಟ್ರೋಲು ತುಂಬಿದ ಪೀಪಾಯಿಗಳ ಬಳಿ ಜನರು ಎಚ್ಚರದಿಂದಿರುತ್ತಾರೆ. "ಖಾಲಿ" ಎಂದು ಕರೆಸಿಕೊಂಡ ಪೀಪಾಯಿಗಳ ಬಳಿ ನಿಶ್ಚಿಂತೆಯಿಂದ ಸಿಗರೇಟು ಹಚ್ಚುತ್ತಾರೆ. ಒಳಗೆ ಉಳಿದ ಆವಿಯಿಂದ ಖಾಲಿ ಪೀಪಾಯಿಯೇ ಹೆಚ್ಚು ಅಪಾಯಕರ. ಜನರು ನಡೆದುಕೊಂಡದ್ದು ವಸ್ತುವನ್ನು ನೋಡಿ ಅಲ್ಲ, ಅದರ ಹೆಸರನ್ನು ಕೇಳಿ! ನಾವಾಡುವ ಭಾಷೆಯೇ ನಮ್ಮ ಆಲೋಚನೆಯ ದಾರಿಯನ್ನು ತಿದ್ದುತ್ತದೆಯೆಂಬ ವಾದ ವರ್ಫ್ ಮತ್ತು ಅವನ ಗುರು ಎಡ್ವರ್ಡ್ ಸಪೀರ್ ಇವರ ಹೆಸರಿನಿಂದ ಪ್ರಸಿದ್ಧವಾಯಿತು.

ಈ ವಾದವನ್ನು ಪರೀಕ್ಷಿಸಲು ಹೊರಟವರು ಫ್ಲಾರಿಡಾ ಪ್ರಾಂತದ ಗೇನ್ಸ್‌ವಿಲ್ ನಗರದಲ್ಲಿದ್ದ ಸಮಾಜಶಾಸ್ತ್ರಜ್ಞ ಜೇಮ್ಸ್ ಕುಕ್ ಬ್ರೌನ್. ತರ್ಕಶಾಸ್ತ್ರದ ಚೌಕಟ್ಟಿನಲ್ಲೇ ಒಂದು ಹೊಸ ಭಾಷೆಯನ್ನು ಕಟ್ಟಿ ಅದನ್ನು ಕೆಲವರಿಗೆ ಕಲಿಸಿದರೆ ಅವರ ಆಲೋಚನೆ ಬದಲಾದೀತೇ ಎಂಬುದು ಅವರ ಪ್ರಶ್ನೆ. 1955ರಲ್ಲಿ ಕೆಲಸ ತೊಡಗಿತು. 1960ರ ಜೂನ್ ತಿಂಗಳ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಆ ಭಾಷೆಯ ಪರಿಚಯ 'ಲಾಗ್ಲಾನ್' ಎಂಬ ಹೆಸರಿನಿಂದ ಪ್ರಕಟವಾಯಿತು. ಇದೇ ಬ್ರೌನ್ ಮಹಾಶಯರು 'ಕೆರಿಯರ್ಸ್' ಎಂಬ ಮಣೆಯಾಟವನ್ನೂ ನಿರ್ಮಿಸಿದವರು. ಆಟಕ್ಕೆ ಕುಳಿತ ಪ್ರತಿಯೊಬ್ಬರೂ ಮೊದಲೇ ಗುಟ್ಟಾಗಿ 60 ಅಂಕಗಳನ್ನು ಹಣ, ಕೀರ್ತಿ, ಸುಖ ಎಂಬ ಮೂರಕ್ಕೆ ತಮಗೆ ಬೇಕಾದಂತೆ ಹಂಚಿಕೊಳ್ಳಬೇಕು. ಆ ಹಂಚಿಕೆಯನ್ನು ಮೊದಲು ಪೂರೈಸಿದವರು ಗೆದ್ದಂತೆ. ಸುಖವನ್ನು ಅಂಕಗಳಲ್ಲಿ ಎಣಿಸಬಲ್ಲವರ ಭಾಷೆಯಲ್ಲಿ ಭಾವಗಳಿಗೂ ಸ್ಥಾನ ದೊರೆತದ್ದು ಅಚ್ಚರಿಯಲ್ಲ.

ಮುಂದೆ ಬ್ರೌನ್ ಅವರಿಗೂ ಅವರ ಕೆಲವು ಅನುಯಾಯಿಗಳಿಗೂ ಭಿನ್ನಾಭಿಪ್ರಾಯ ತಲೆದೋರಿತು. 1987ರಲ್ಲಿ ರಾಬರ್ಟ್ ಲೆಶೆವಲಿಯೆ ಮೊದಲಾದವರು ಬೇರೆ ನಿಂತು, ಅದೇ ತತ್ತ್ವದ ಮೇಲೆ ಪದಗಳನ್ನೆಲ್ಲ ಹೊಸದಾಗಿ ರಚಿಸಿ ಲೋಜ್ಬನ್ ಎಂದು ಕರೆದರು. ಸಂದಿಗ್ಧತೆಗೆ ಎಡೆಯಿಲ್ಲದ ಭಾಷೆಯನ್ನು ಕಟ್ಟಹೊರಟವರು ಹಳೆಯ ಹೆಸರು ಯಾರದೆಂಬ ಪ್ರಶ್ನೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 1992ರಲ್ಲಿ ತೀರ್ಪು ಹೊಸ ಗುಂಪಿನ ಕಡೆಗಾಯಿತು. ಜಾನ್ ಕೋವನ್ ಬರೆದ ಸಮಗ್ರ ವ್ಯಾಕರಣ 1997ರಲ್ಲಿ ಹೊರಬಂದಿತು. ಲೋಜ್ಬನ್ನಿನ ಧಾತುಪದಗಳು 1300ಕ್ಕೂ ಮೇಲೆ. ಚೀನೀ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರಬ್ಬಿ ಎಂಬ ಆರು ಭಾಷೆಗಳ ಪದಗಳನ್ನು ಗಣಕಯಂತ್ರದಲ್ಲಿ ಬೆರೆಸಿ ಅವನ್ನು ಎರಕ ಹೊಯ್ದರು. ದ್ರಾವಿಡ ಭಾಷೆಗಳಿಗೆ ಆ ಎರಕದಲ್ಲಿ ಪಾಲು ದೊರೆಯಲಿಲ್ಲ. ವರ್ಫನ ವಾದದ ಪರೀಕ್ಷೆಯಂತೂ ಬ್ರೌನ್ ಬಯಸಿದ ರೀತಿಯಲ್ಲಿ ನಡೆಯಲೇ ಇಲ್ಲ. ಅವರು 2000ದಲ್ಲಿ ತೀರಿಕೊಂಡರು.

ಸ್ವರಗಳೇ ಭಾವಗಳು

ಕನ್ನಡದ ಶಾಲಾ ವ್ಯಾಕರಣದಲ್ಲಿ ಅಯ್ಯೋ, ಅಬ್ಬಾ, ಆಹಾ, ಛೀ, ಭಳಿರೆ ಮುಂತಾದವು ಭಾವಸೂಚಕಾವ್ಯಯಗಳೆಂಬ ಹೆಸರಿನಿಂದ ಒಂದು ಮೂಲೆಯಲ್ಲಿ ಕುಳಿತಿರುತ್ತವೆ. ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿಯಿಲ್ಲ. ವಾಕ್ಯದೊಡನೆ ಅವುಗಳಿಗೆ ಹೆಚ್ಚಿನ ನಂಟೂ ಇಲ್ಲ. ಲೋಜ್ಬನ್ ಈ ಬಡ ಬಂಧುಗಳನ್ನು ನಡುಮನೆಗೆ ಕರೆತಂದಿತು. ಅಲ್ಲಿ ಮೂಲ ಭಾವಪದಗಳು 39. ಅವುಗಳಲ್ಲಿ ಯಾವೊಂದಕ್ಕೂ ವ್ಯಂಜನದ ಬರೆಹವಿಲ್ಲ. ಎಲ್ಲವೂ ಜೋಡಿ ಸ್ವರಗಳು. ಎರಡು ಸ್ವರಗಳು ನೇರವಾಗಿ ಕೂಡುತ್ತವೆ, ಇಲ್ಲವೇ ನಡುವೆ ಹಕಾರದಂತಹ ಒಂದು ಉಸಿರು ಸುಳಿಯುತ್ತದೆ. ತೊಟ್ಟಿಲ ಕೂಸು ಮೊದಲು ಹೊರಡಿಸುವುದೂ ಸ್ವರವನ್ನೇ ಅಲ್ಲವೇ?

ಸಂತೋಷಕ್ಕೆ 'ವೀ'. ಭಯಕ್ಕೆ 'ಯೀ'. ಪ್ರೀತಿಗೆ 'ಯೂ'. ಕರುಣೆಗೆ 'ವೂ'. ಪಶ್ಚಾತ್ತಾಪಕ್ಕೆ 'ಉಹು', ಬೆರಗಿಗೆ 'ಉಹೆ', ವಿನೋದಕ್ಕೆ 'ಉಹಿ'. ಹುಡುಕುತ್ತಿದ್ದುದು ಹೊಳೆದಾಗ 'ವಾ'. ಕನ್ನಡಿಗರ ಕಿವಿಗೆ ಇವುಗಳಲ್ಲಿ ಕೆಲವು ತಮಾಷೆಯಾಗಿ ಕೇಳುವುದುಂಟು. 'ಅಹೊ' ಎಂದರೆ ನಮಗೆ ಆಶ್ಚರ್ಯ, ಅವರಿಗೆ ಆಶೆ. 'ಓಯ್' ಎಂದು ನಮ್ಮ ಹಳ್ಳಿಯವರು ದೂರದವರನ್ನು ಕೂಗಿದರೆ, ಲೋಜ್ಬನ್ನಿನಲ್ಲಿ ಅದು ನೋವಿನ, ಗೊಣಗಾಟದ ಪದ.

ವಿರುದ್ಧ ಭಾವಕ್ಕೆ ಹೊಸ ಪದ ಬೇಕಿಲ್ಲ. 'ನೈ' ಎಂದು ಸೇರಿಸಿದರೆ ಸಾಕು. ವೀನೈ ಎಂದರೆ ದುಃಖ, ಯೂನೈ ದ್ವೇಷ, ಯೀನೈ ನಿರ್ಭಯ. ಈ ಜೋಡಿಗಳನ್ನು ಕಟ್ಟುವಲ್ಲಿ ರಚನಕಾರರು ತೀರ್ಪುಗಾರರೂ ಆಗಿದ್ದಾರೆ. ಕರುಣೆಯ ವಿರೋಧಿ ಕ್ರೌರ್ಯವೆಂದೂ, ಬೆಚ್ಚಿಬೀಳುವುದರ ವಿರೋಧಿ ನಿರೀಕ್ಷೆಯೆಂದೂ ಅವರ ಮತ. ಕೋಪಕ್ಕೆ ಅಲ್ಲಿ ಸ್ವಂತ ಪದವೇ ಇಲ್ಲ. 'ಒಹೊ' ಎಂದರೆ ತಾಳ್ಮೆ; ಕೋಪವೆಂಬುದು 'ಒಹೊನೈ', ಅಂದರೆ ತಾಳ್ಮೆಗೇಡು. ಭರತಮುನಿ ಕ್ರೋಧವನ್ನು ಎಂಟು ಸ್ಥಾಯಿಭಾವಗಳಲ್ಲಿ ಒಂದೆಂದು ಸಿಂಹಾಸನದ ಮೇಲೆ ಕೂರಿಸಿದ್ದನಷ್ಟೆ. ಇಲ್ಲಿ ಅದು ಇನ್ನೊಂದು ಗುಣದ ಅಭಾವ ಮಾತ್ರ. ಇನ್ನು 'ಓಯ್' ಎಂಬ ಗೊಣಗಾಟವೇ ಮೂಲಪದವಾಗಿ, ಸುಖವು 'ಓಯ್‌ನೈ' ಆಗಿರುವುದನ್ನು ನೋಡಿದರೆ, ಮನುಷ್ಯನ ಬಾಯಿಗೆ ಯಾವುದು ಮೊದಲು ಬರುತ್ತದೆಂಬುದನ್ನು ಅವರು ಚೆನ್ನಾಗಿ ಬಲ್ಲವರೆಂದೇ ತೋರುತ್ತದೆ.

ಭಾವದ ತೂಕಕ್ಕೂ ಕಲ್ಲುಗಳಿವೆ. 'ಶೈ' ಎಂದರೆ ಪರಮಾವಧಿ, 'ಸೈ' ಎಂದರೆ ಬಲವಾಗಿ, 'ರುಹೆ' ಎಂದರೆ ತುಸುವೇ. ಹೊಸ ಸೀರೆಯನ್ನು ತೋರಿಸಿದ ಹೆಂಡತಿಗೆ 'ವೀ ರುಹೆ' ಎನ್ನುವ ಗಂಡಸು ಲೋಜ್ಬನ್ನನ್ನು ಕಲಿತಿರಬಹುದು, ಸಂಸಾರವನ್ನು ಕಲಿತಿಲ್ಲ. ನೋವು ಎಲ್ಲಿಯದೆಂದು ತಿಳಿಸಲೂ ಪ್ರತ್ಯಯಗಳುಂಟು. ಹಲ್ಲುನೋವಾದರೆ 'ಓಯ್ ರೊಹೊ', ಶರೀರದ ನೋವು. ಲೆಕ್ಕ ಬಿಡಿಸಲಾರದೆ ತಲೆ ಕೆಟ್ಟರೆ 'ಓಯ್ ರೊಹೆ', ಬುದ್ಧಿಯ ನೋವು. ಮದುವೆಮನೆಯಲ್ಲಿ ಬೀಗರು ಮಾತನಾಡಿಸದೆ ಹೋದರೆ 'ಓಯ್ ರೊಹಾ', ಸಮಾಜದ ನಡುವಣ ನೋವು. ಭಾವಗಳನ್ನು ಒಂದರ ಪಕ್ಕದಲ್ಲೊಂದು ನಿಲ್ಲಿಸುವುದಕ್ಕೂ ಅಡ್ಡಿಯಿಲ್ಲ. 'ಯೂ ವೀನೈ' ಎಂದರೆ ಪ್ರೀತಿ, ಆದರೆ ಸುಖವಿಲ್ಲದ ಪ್ರೀತಿ. ಮಗಳನ್ನು ಗಂಡನ ಮನೆಗೆ ಕಳುಹಿಸುವ ತಾಯಿ ವೀ ಮತ್ತು ವೀನೈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ತರ್ಕದ ಭಾಷೆ ಅದನ್ನು ದೋಷವೆಂದು ತಳ್ಳುವುದಿಲ್ಲ.

ಭಾವಪದವು ನಿಲ್ಲುವ ಸ್ಥಾನದಲ್ಲೇ ಈ ವ್ಯಾಕರಣದ ಚಮತ್ಕಾರವಿರುವುದು. 'ಮಿ ವಿಸ್ಕ ದೊ' ಎಂದರೆ "ನಾನು ನಿನ್ನನ್ನು ಕಾಣುತ್ತೇನೆ" ಎಂದರ್ಥ. ವಾಕ್ಯದ ಮೊದಲಲ್ಲಿ 'ವೀ' ಬಂದರೆ ಸಂತೋಷವು ಇಡೀ ವಾಕ್ಯಕ್ಕೆ ಸಲ್ಲುತ್ತದೆ. ನಡುವೆ ಅಥವಾ ಕೊನೆಯಲ್ಲಿ ಬಂದರೆ ಹಿಂದಿನ ಪದಕ್ಕೆ ಮಾತ್ರ. 'ಮಿ'ಯ ನಂತರ ಬಂದರೆ, ಕಂಡದ್ದು ಬೇರೆ ಯಾರೂ ಅಲ್ಲ, ನಾನು, ಎಂಬ ಹರ್ಷ. 'ವಿಸ್ಕ'ದ ನಂತರ ಬಂದರೆ ಕೇಳಿದ್ದಲ್ಲ, ಕಣ್ಣಾರೆ ಕಂಡದ್ದು, ಎಂಬ ಹರ್ಷ. 'ದೊ' ಎಂಬುದರ ನಂತರ ಬಂದರೆ ಆಹಾ, ಬಂದವನು ನೀನು! ಕನ್ನಡದಲ್ಲಿ ನಾನೇ, ನಿನ್ನನ್ನೇ ಎಂದು ಏಕಾರದಿಂದ ಪದಕ್ಕೆ ಒತ್ತು ಕೊಡಬಹುದು. ಆದರೆ ಆ ಒತ್ತು ಹರ್ಷದ್ದೋ ಆಕ್ಷೇಪದ್ದೋ ಎಂಬುದನ್ನು ದನಿಯೇ ಹೇಳಬೇಕು. "ನಿನ್ನನ್ನೇ ನೋಡುತ್ತಿದ್ದೇನೆ" ಎಂದು ಪ್ರಿಯಕರನೂ ಹೇಳಬಹುದು, ಪೊಲೀಸಿನವನೂ ಹೇಳಬಹುದು.

ಹೇಳುವುದು ಬೇರೆ, ತೋರುವುದು ಬೇರೆ

ಇಷ್ಟಾಗಿ, ಸಂತೋಷವನ್ನು ಹೇಳಲು ಲೋಜ್ಬನ್ನಿನಲ್ಲಿ ಸಾಮಾನ್ಯ ಪದವೂ ಉಂಟು. 'ಮಿ ಗ್ಲೆಕಿ' ಎಂದರೆ "ನಾನು ಸಂತೋಷವಾಗಿದ್ದೇನೆ." ಹಾಗಿದ್ದ ಮೇಲೆ 'ವೀ' ಏಕೆ ಬೇಕಾಯಿತು? ರಚನಕಾರರ ಉತ್ತರ ಸೂಕ್ಷ್ಮವಾದುದು. 'ಮಿ ಗ್ಲೆಕಿ' ಎಂಬುದು ಒಂದು ಹೇಳಿಕೆ. ಅದು ನಿಜವಿರಬಹುದು, ಸುಳ್ಳಿರಬಹುದು. ಕೇಳಿದವನು "ಅದು ಸುಳ್ಳು" ಎಂದು ವಾದಕ್ಕೆ ನಿಲ್ಲಬಹುದು. 'ವೀ' ಎಂಬುದು ಹೇಳಿಕೆಯಲ್ಲ, ಹೊಮ್ಮಿಕೆ. ಬಾಗಿಲ ಸಂದಿನಲ್ಲಿ ಬೆರಳು ಸಿಕ್ಕವನು "ಅಯ್ಯೋ" ಎಂದರೆ "ಸುಳ್ಳು" ಎಂದು ಯಾರೂ ಪ್ರತಿಭಟಿಸರು. ನಟನೆಯೆಂದು ಶಂಕಿಸಬಹುದು, ಅಷ್ಟೆ.

ಈ ಭೇದ ಭಾರತೀಯರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ಇದನ್ನೇ ಕಾವ್ಯದ ಮರ್ಮವೆಂದು ಸಾಧಿಸಿದನು. ರಸವು ತನ್ನ ಹೆಸರಿನಿಂದ ಹುಟ್ಟುವುದಿಲ್ಲ; ಶೋಕ ಎಂಬ ಪದವನ್ನು ಎಷ್ಟು ಸಲ ಉಚ್ಚರಿಸಿದರೂ ಓದುಗನ ಕಣ್ಣು ಒದ್ದೆಯಾಗದು. ಮುಂದೆ ಮಮ್ಮಟನು ರಸಭಾವಗಳನ್ನು ಹೆಸರಿಟ್ಟು ಹೇಳುವುದನ್ನು ದೋಷಗಳ ಪಟ್ಟಿಗೇ ಸೇರಿಸಿದನು. 1953ರಲ್ಲಿ ಪ್ರಕಟವಾದ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿದ ಕನ್ನಡಿಗರಿಗೆ ಈ ವಿಚಾರ ಪರಿಚಿತವೇ ಆಗಿದೆ. 'ಗ್ಲೆಕಿ' ಎಂಬುದು ಭಾವದ ಹೆಸರು. ಅದು ಆಲಂಕಾರಿಕರ ದೋಷದ ಪಟ್ಟಿಗೆ ಸೇರಿದ್ದು. 'ವೀ' ಯಾವುದಕ್ಕೆ ಸೇರಿದ್ದು? ಅದನ್ನು ಕಂಬನಿ, ರೋಮಾಂಚಗಳ ಸಾಲಿಗೆ ಸೇರಿಸಲು ರಚನಕಾರರಿಗೆ ಆಶೆ. ಆದರೆ ಕಂಬನಿ ತಾನಾಗಿ ಬರುತ್ತದೆ, 'ವೀ' ಆಯ್ದುಕೊಂಡಾಗ ಮಾತ್ರ ಬರುತ್ತದೆ. ಅದನ್ನು ಆಡುವವರಲ್ಲಿ ಬಹುತೇಕ ಎಲ್ಲರೂ ಬೆಳೆದು ದೊಡ್ಡವರಾದ ಮೇಲೆ ಪುಸ್ತಕದಿಂದ ಕಲಿತವರು. ನಿಜವಾಗಿ ಹಾವು ಕಾಲಿನ ಬಳಿ ಸುಳಿದಾಗ ಅವರ ಬಾಯಿಂದ ಹೊರಡುವುದು 'ಯೀ' ಆಗಿರಲಾರದು. ತಾಯಿಯ ಮಡಿಲಲ್ಲಿ ಕಲಿತ ಕೂಗೇ ಹೊರಡುತ್ತದೆ. ಲೋಜ್ಬನ್ನಿನ ಬಲವಿರುವುದು ಆ ಕ್ಷಣದ ಚೀತ್ಕಾರದಲ್ಲಲ್ಲ. ಕುಳಿತು ಬರೆಯುವಾಗ, "ನನಗೆ ಆಗುತ್ತಿರುವುದು ಕೋಪವೇ, ಅವಮಾನವೇ, ಭಯವೇ?" ಎಂದು ಲೇಖನಿಯನ್ನು ತಡೆಹಿಡಿದು ಕೇಳಿಕೊಳ್ಳುವಂತೆ ಮಾಡುವುದರಲ್ಲಿ. ಎಷ್ಟೋ ಮನೆಗಳಲ್ಲಿ ಸಿಟ್ಟೆಂದು ಎಣಿಸಲ್ಪಟ್ಟ ಕಾಗದಗಳು ನಿಜವಾಗಿ ಹೆದರಿಕೆಯಿಂದ ಬರೆದವು.

ಮತ್ತೊಂದು ನಾಜೂಕನ್ನೂ ಗಮನಿಸಬೇಕು. 'ವೀ' ಸೇರಿಸಿ "ಅವನು ಬರುತ್ತಾನೆ" ಎಂದರೆ ಬರುವುದು ಖಂಡಿತ, ಅದರಿಂದ ಸಂತೋಷ. 'ಅಹೊ' ಸೇರಿಸಿ ಅದೇ ಮಾತನ್ನು ಆಡಿದರೆ ಬರುವುದೇ ಖಂಡಿತವಲ್ಲ, ಬರಲಿ ಎಂಬ ಆಶೆ ಮಾತ್ರ. ಎರಡು ಸ್ವರಗಳು ಇಡೀ ವಾಕ್ಯವನ್ನು ಸತ್ಯದ ಲೋಕದಿಂದ ಹಾರೈಕೆಯ ಲೋಕಕ್ಕೆ ಸಾಗಿಸಿಬಿಡುತ್ತವೆ.

ಮಾತಿಗೆ ಆಧಾರವೇನೆಂದು ತಿಳಿಸುವ ಪದಗಳೂ ಇದೇ ವ್ಯಾಕರಣದಲ್ಲಿವೆ. ಕಂಡು ಹೇಳಿದ್ದಕ್ಕೆ 'ಜಹಾ', ಕೇಳಿ ಹೇಳಿದ್ದಕ್ಕೆ 'ತಿಹೆ'. ಈ ಉಪಾಯಕ್ಕೆ ಅಮೆರಿಕೆಯ ಮೂಲನಿವಾಸಿಗಳ ಭಾಷೆಗಳೂ, ಸುಜೆಟ್ ಹೇಡನ್ ಎಲ್ಗಿನ್ ಎಂಬ ಭಾಷಾಶಾಸ್ತ್ರಜ್ಞೆ 1982ರಲ್ಲಿ ಹೆಂಗಸರ ಅನುಭವಕ್ಕೆ ಒಗ್ಗುವಂತೆ ಕಟ್ಟಿದ ಲಾಡನ್ ಭಾಷೆಯೂ ಮೇಲ್ಪಂಕ್ತಿ. ಲಾಡನ್ನಿನಲ್ಲಿ ಕನಸಿನಲ್ಲಿ ಕಂಡದ್ದಕ್ಕೆ ಒಂದು ಗುರುತು, ನಂಬಿಕಸ್ಥರಿಂದ ಕೇಳಿದ್ದಕ್ಕೆ ಒಂದು, ನಂಬಲಾಗದವರಿಂದ ಕೇಳಿದ್ದಕ್ಕೆ ಬೇರೊಂದು ಗುರುತು ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷರಿಗೆ ಇದು ಹೊಸತಾಗಿ ಕಂಡೀತು. ಕನ್ನಡದ ಗೃಹಿಣಿಗೆ ಇದರಲ್ಲಿ ಕಲಿಯಬೇಕಾದದ್ದೇನೂ ಇಲ್ಲ. "ಪಕ್ಕದ ಮನೆಯ ಹುಡುಗ ಓಡಿಹೋದನು" ಎನ್ನುವುದಕ್ಕೂ "ಓಡಿಹೋದನಂತೆ" ಎನ್ನುವುದಕ್ಕೂ ಇರುವ ಅಂತರವನ್ನು ಆಕೆ ಚೆನ್ನಾಗಿ ಬಲ್ಲಳು. ಆ 'ಅಂತೆ'ಯ ಮರೆಯಲ್ಲಿ ನಿಂತು ಆಕೆ ಎಷ್ಟು ಸುದ್ದಿಗಳನ್ನು ನಿರ್ಭಯವಾಗಿ ದಾಟಿಸಿದ್ದಾಳೋ!

ಇನ್ನೊಬ್ಬರ ನೋವು

ಲೋಜ್ಬನ್ನಿನ ಪದಗಳಲ್ಲೆಲ್ಲ ತೀರ ಮನುಷ್ಯಯೋಗ್ಯವಾದುದು ಬಹುಶಃ 'ದೈ'. ಯಾವುದಾದರೊಂದು ಭಾವಪದಕ್ಕೆ ಇದನ್ನು ಸೇರಿಸಿದರೆ ಆ ಭಾವ ಆಡುವವನದಲ್ಲ, ಎದುರಿನವರದು ಅಥವಾ ಮಾತಿನಲ್ಲಿ ಬಂದವರದು ಎಂದಾಗುತ್ತದೆ. ಮಗು ಜಾರಿಬಿದ್ದು ಮೊಣಕಾಲು ತರಚಿಕೊಂಡಿತು. 'ವೂ' ಎಂದರೆ ನನಗೆ ಕರುಣೆಯಾಯಿತೆಂದು. ಅಲ್ಲಿಯ ಭಾವ ನೋಡುವವನದು. 'ಓಯ್ ರೊಹೊ ದೈ' ಎಂದರೆ ಆ ಮೊಣಕಾಲಿನ ಉರಿಯನ್ನೇ ತನ್ನ ಬಾಯಿಂದ ಆಡಿದಂತೆ. ಕನ್ನಡದ ಅಯ್ಯೋ ಇವೆರಡನ್ನೂ ಒಂದೇ ಸೆರಗಿನಲ್ಲಿ ಕಟ್ಟಿಕೊಳ್ಳುತ್ತದೆ. ತನ್ನ ಬೆರಳು ಕುಯ್ದುಕೊಂಡಾಗಲೂ ಅಯ್ಯೋ, ನೆರೆಮನೆಯವರ ಬೆರಳು ಕುಯ್ದಾಗಲೂ ಅಯ್ಯೋ. ಇದನ್ನು ಕನ್ನಡದ ಬಡತನವೆನ್ನುವುದೂ ಕಷ್ಟ. ನೋವು ಯಾರದೆಂದು ವಿಚಾರಿಸದೆ ಹೊರಡುವ ಕೂಗಿಗೆ ಅದರದೇ ಆದ ಸಿರಿಯುಂಟು. ಆದರೆ ಮರುಕಪಡುವವರ ಮರುಕವೇ ಹೆಚ್ಚಾಗಿ ನೊಂದವರ ನೋವು ಹಿಂದೆ ಬೀಳುವ ಪ್ರಸಂಗಗಳನ್ನು, ಅದರಲ್ಲೂ ಸಾವಿನ ಮನೆಗಳಲ್ಲಿ, ಕಂಡವರಿಗೆ 'ವೂ' ಮತ್ತು 'ದೈ'ಗಳನ್ನು ಬೇರೆ ಮಾಡಿದವರ ಎಣಿಕೆ ಅರ್ಥವಾಗದಿರದು.

ಲೋಜ್ಬನ್ ಆಡುವವರ ಸಂಖ್ಯೆ ಅತ್ಯಲ್ಪ. 'ಆಲಿಸಳ ಅದ್ಭುತಲೋಕ'ದಂತಹ ಕಥೆಗಳು ಅದಕ್ಕೆ ಅನುವಾದವಾಗಿವೆ. ಇಂಗ್ಲಿಷ್ ಮೂಲದಲ್ಲಿ ಲೇಖಕನು ಓದುಗರ ಊಹೆಗೆ ಬಿಟ್ಟ ದನಿಯನ್ನು ಅನುವಾದಕನು ಪದವಾಗಿ ನಿಲ್ಲಿಸಬೇಕೇ, ಬಿಡಬೇಕೇ ಎಂದು ಪ್ರತಿ ಸಂಭಾಷಣೆಯಲ್ಲೂ ನಿರ್ಧರಿಸಬೇಕಾಗುತ್ತದೆ. ಬಿಟ್ಟರೆ ತಪ್ಪಿಲ್ಲ, ಏಕೆಂದರೆ ಭಾವಪದವನ್ನು ಬಳಸಲೇಬೇಕೆಂಬ ಕಟ್ಟಳೆ ಲೋಜ್ಬನ್ನಿನಲ್ಲಿಲ್ಲ. ಬಳಸದಿದ್ದರೆ ಭಾವವೇ ಇಲ್ಲವೆಂದೂ ಅರ್ಥವಲ್ಲ. ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬ ತಟಸ್ಥ ಸ್ಥಿತಿಗೆ 'ಶುಹಿ' ಎಂಬ ಬೇರೆಯೇ ಪದವಿದೆ.

ಎದುರಿನವರ ಮನಸ್ಸನ್ನು ಕೇಳಲು 'ಪೇಯ್' ಎಂಬ ಒಂದು ಅಕ್ಷರ ಸಾಕು: ಹೇಗನಿಸುತ್ತಿದೆ? ಉತ್ತರವಾಗಿ 39ರಲ್ಲಿ ಯಾವುದನ್ನಾದರೂ ಕೊಡಬಹುದು. 'ವೀ ಶೈ' ಎಂದು ಕುಣಿಯಬಹುದು, 'ಓಯ್' ಎಂದು ಗೊಣಗಬಹುದು. ಇಷ್ಟೆಲ್ಲ ಪದಗಳನ್ನು ಹವಣಿಸಿ ತೂಗಿ ಇಟ್ಟ ಮೇಲೆ ರಚನಕಾರರು ಇನ್ನೊಂದು ಪದವನ್ನೂ ಸೇರಿಸಿದರು: 'ಗೆಹೆ'. ಈ ಯಾವ ಹೆಸರಿಗೂ ಒಗ್ಗದ ಭಾವವಿದ್ದಾಗ ಅದು ಸಲ್ಲುತ್ತದೆ. ಭಾವವೇನೋ ಇದೆ, ಹೇಳಲು ಮನಸ್ಸಿಲ್ಲ ಎಂಬಾಗಲೂ ಸಲ್ಲುತ್ತದೆ. ಪೇಯ್ ಎಂದು ಕೇಳಿದವರಿಗೆ ಗೆಹೆ ಎಂದು ಉತ್ತರಿಸಿ ಸುಮ್ಮನಾಗುವುದು ಆ ವ್ಯಾಕರಣದಲ್ಲಿ ಪೂರ್ತಿ ಸಾಧುವಾದ ಪ್ರಯೋಗ.